ಎದುರಿಗೆ ಕೂತಾಗ ಮೈ ಜುಮ್ಮೆಂದ ಬ್ಲೂಗ್ರಾಸ್, ಮನೆ ಸ್ಪೀಕರಿನಲ್ಲಿ ಯಾಕೆ ಸಪ್ಪೆ?

ಬಿಟ್ಟ_ಪಿಟೀಲು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಒಂದೇ ಸಾಲಿನದು, ಆದರೆ ಕಥೆ ಹೇಳದೆ ಕೇಳಿದರೆ ಅರ್ಥ ಆಗಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ನಾವಿರೋದು ನಾರ್ತ್ ಕ್ಯಾರೊಲಿನಾದಲ್ಲಿ, ಷಾರ್ಲಟ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆ ದಾರಿಯ ಸಣ್ಣ ಊರು. ಬಂದು ಹನ್ನೊಂದು ವರ್ಷ ಆಯ್ತು. ಇಲ್ಲಿ ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲು ಹಿಡಿದು ಹಾಡೋ ಇಲ್ಲಿನ ಸಂಗೀತ) ಗಾಳಿಯಲ್ಲೇ ಇರುತ್ತೆ. ಟೈರ್ ಅಂಗಡಿಯ ರೇಡಿಯೋದಲ್ಲಿ, ಊರ ಮೇಳದಲ್ಲಿ, ಟ್ರಾಕ್ಟರ್ ಜಾಹೀರಾತಿನಲ್ಲಿ ಎಲ್ಲಾ ಕಡೆ. ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ನನ್ನ ಮಗ (ಹದಿನೈದು, ಯಾವುದೂ ಇಷ್ಟ ಆಗದ ವಯಸ್ಸು) ಅದಕ್ಕೆ 'ಕೋಳಿ ಓಡಿಸೋ ಮ್ಯೂಸಿಕ್' ಅಂತ ಹೆಸರಿಟ್ಟಿದ್ದ. ನಾನೂ ಸೇರಿ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಹರೆಯದಲ್ಲಿ ನೂಲಿನ ಗಿರಣಿಯಲ್ಲಿ ದುಡಿದು, ಆಮೇಲೆ ಮೂವತ್ತು ವರ್ಷ ಟ್ರಕ್ ಓಡಿಸಿದವರು. ಹೋದ ತಿಂಗಳು ಒಂದು ಶುಕ್ರವಾರ ಸಂಜೆ ಬಾಗಿಲು ತಟ್ಟಿದರು. ಹೆಂಡತಿಗೂ ಅವರ ತಂಗಿಗೂ ಜ್ವರ, ಬ್ಲೂಗ್ರಾಸ್ ಕಛೇರಿಯ ಎರಡು ಟಿಕೆಟ್ ದಂಡ ಆಗುತ್ತೆ, ನೀನೂ ಹುಡುಗನೂ ಬನ್ನಿ ಅಂದರು. ಅಜ್ಜ ಕರೆದದ್ದು ಅದೇ ಮೊದಲು. ಒಲ್ಲೆ ಅನ್ನೋಕೆ ಬಾಯಿ ಬರಲಿಲ್ಲ.

ಹಳೇ ಶಾಲೆಯೊಂದರ ಜಿಮ್. ವೇದಿಕೆ ಮೇಲ್ಗಡೆ ಬಾಸ್ಕೆಟ್‌ಬಾಲ್ ಬುಟ್ಟಿಯನ್ನು ಮಡಚಿ ಕಟ್ಟಿದ್ದರು. ಮಡಚೋ ಕುರ್ಚಿಗಳು, ನೂರೈವತ್ತು ಜನ ಇದ್ದಿರಬಹುದು, ಅರ್ಧಕ್ಕರ್ಧ ತಲೆ ನರೆತವರು. ಮಧ್ಯಂತರದಲ್ಲಿ ಜಾರಿಕೊಳ್ಳೋಣ ಅಂತ ನಾನು ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದೆ.

ವೇದಿಕೆ ಮೇಲೆ ಒಂದು ಮೈಕ್. ಒಂದೇ. ಡ್ರಮ್ ಇಲ್ಲ, ಪೆಟ್ಟಿಗೆಗಳಿಲ್ಲ, ಹಾವಿನ ಹಾಗೆ ಬಿದ್ದಿರೋ ವೈರ್‌ಗಳಿಲ್ಲ. ಉಳಿದ ಮೈಕ್ ಇನ್ನೂ ತರಬೇಕೇನೋ ಅಂದುಕೊಂಡೆ. ಅಷ್ಟರಲ್ಲಿ ಐದು ಜನ ಬಂದರು: ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಮನುಷ್ಯನಿಗಿಂತ ಎತ್ತರದ ಒಂದು ಬಾಸ್. ನಮಸ್ಕಾರ ಇಲ್ಲ, ಭಾಷಣ ಇಲ್ಲ, ನಿಂತವರೇ ಶುರು ಹಚ್ಚಿಕೊಂಡರು.

ಮೊದಲ ಐದು ನಿಮಿಷ ನಾನು ಕೇಳಲೇ ಇಲ್ಲ, ಬರೀ ನೋಡಿದೆ. ಹಾಡುವವನು ಮೈಕಿನ ಮುಂದೆ ಇದ್ದಾನೆ. ಸಾಲು ಮುಗಿಯೋ ಹೊತ್ತಿಗೆ ಅವನು ಎಡಕ್ಕೆ ಸರಿಯುತ್ತಾನೆ, ಅವನ ಬೆನ್ನ ಹಿಂದಿನಿಂದ ಪಿಟೀಲಿನವನು ಕಮಾನನ್ನು ನೆಟ್ಟಗೆ ಮೇಲೆತ್ತಿ ಹಿಡಿದು (ಯಾರ ಕಣ್ಣಿಗೂ ಚುಚ್ಚಬಾರದಲ್ಲ) ಒಳಗೆ ನುಗ್ಗುತ್ತಾನೆ. ಬ್ಯಾಂಜೊದವನು ತನ್ನ ವಾದ್ಯದ ಕತ್ತನ್ನು ಕೆಳಗೆ ತಗ್ಗಿಸಿ ಗಿಟಾರಿನ ಅಡಿಯಿಂದ ತೂರುತ್ತಾನೆ. ಸಣ್ಣ ಅಡುಗೆಮನೆಯಲ್ಲಿ ಹಬ್ಬದ ದಿನ ನಾಲ್ಕು ಹೆಂಗಸರು ಬಿಸಿ ಪಾತ್ರೆ ಹಿಡಿದು ಓಡಾಡುತ್ತಾರಲ್ಲ, ಒಬ್ಬರಿಗೊಬ್ಬರು ತಾಗದೆ, ಯಾರೂ ಯಾರಿಗೂ ದಾರಿ ಬಿಡು ಅನ್ನದೆ, ಥೇಟ್ ಹಾಗೆ. ಪಕ್ಕಕ್ಕೆ ನೋಡಿದರೆ ಮಗನ ಫೋನು ತೊಡೆ ಮೇಲೆ ಬೋರಲು ಬಿದ್ದಿತ್ತು.

ಮೂರನೆಯದೋ ನಾಲ್ಕನೆಯದೋ ಹಾಡಿನ ಮಧ್ಯೆ ಬ್ಯಾಂಜೊ ತಂತಿ 'ಟಂಯ್' ಅಂತ ಕಿತ್ತು ಹೋಯಿತು. ನನ್ನ ಎದೆ ಧಸಕ್ಕೆಂದಿತು. ಆರು ವರ್ಷ ಪಿಟೀಲು ಕಲಿತು ಎಸ್ಸೆಸ್ಸೆಲ್ಸಿ ನೆಪದಲ್ಲಿ ಬಿಟ್ಟವಳು ನಾನು, ತಂತಿ ಕಿತ್ತ ಸದ್ದು ಇವತ್ತಿಗೂ ಹೊಟ್ಟೆಯಲ್ಲಿ ಕೇಳಿಸುತ್ತೆ. ಅವನು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದು, ನಮಗೆ ಬೆನ್ನು ಹಾಕಿ, ಜೇಬಿನಿಂದ ಸುರುಳಿ ತೆಗೆದ. ಹಾಡು ನಿಲ್ಲಲಿಲ್ಲ. ಪಿಟೀಲು ಒಂದರ ಬದಲು ಎರಡು ಸುತ್ತು ಬಾರಿಸಿತು. ಮ್ಯಾಂಡೊಲಿನ್ ಎರಡು. ಗಿಟಾರಿನವನು ತಾಳ ತಪ್ಪದ ಹಾಗೆ ನುಡಿಸುತ್ತಲೇ ತನ್ನ ಸೋದರಮಾವನ ಹೇಸರಗತ್ತೆಯ ಕಥೆ ಹೇಳಿದ. ಕಥೆಯ ನಗು ಬಂದ ಜಾಗಕ್ಕೆ ಸರಿಯಾಗಿ ಬ್ಯಾಂಜೊ ತಿರುಗಿ ಬಂದು ಮೈಕಿಗೆ ಬಿತ್ತು ನೋಡಿ, ಇಡೀ ಜಿಮ್ ಎದ್ದು ನಿಂತಿತು. ನಾನೂ ನಿಂತಿದ್ದೆ ಅನ್ನೋದು ಕೂತ ಮೇಲೆ ಗೊತ್ತಾಯ್ತು.

ಆಮೇಲೊಂದು ಭಕ್ತಿಗೀತೆ. ವಾದ್ಯಗಳನ್ನೆಲ್ಲ ಕೆಳಗಿಳಿಸಿ, ನಾಲ್ಕು ಜನ ಹಣೆ ಹಣೆ ತಾಗುವಷ್ಟು ಹತ್ತಿರ ನಿಂತು ಹಾಡಿದರು. ಯಾವ ದನಿ ಯಾರದು ಅಂತ ಬಾಯಿ ನೋಡಿದರೂ ಗೊತ್ತಾಗಲಿಲ್ಲ. ಮಧ್ಯಂತರದಲ್ಲಿ ಜಾರಿಕೊಳ್ಳೋ ಮಾತು ಎಲ್ಲಿಂದ ಬಂತು, ಎರಡನೇ ಭಾಗಕ್ಕೆ ಮಗನೇ ಹೋಗಿ ಮುಂದಿನ ಸಾಲಲ್ಲಿ ಮೂರು ಕುರ್ಚಿ ಹಿಡಿದ.

ಈಗ ಪ್ರಶ್ನೆ. ಮಾರನೇ ದಿನ ಖುಷಿಯಲ್ಲಿ ಫೋನಿನಲ್ಲಿ 'ಬೆಸ್ಟ್ ಬ್ಲೂಗ್ರಾಸ್' ಅಂತ ಏನೋ ಒಂದು ಪಟ್ಟಿ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ತಲೆ ಚಿಟ್ಟು ಹಿಡಿಯಿತು. ಅದೇ ವೇಗ, ಅದೇ ಮೂರು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗೊಂಚಲು), ಬ್ಯಾಂಜೊ ಅನ್ನೋದು ತಾಲೂಕು ಕಚೇರಿ ಟೈಪ್‌ರೈಟರ್. ಹಿಂದಿನ ದಿನ ಕಣ್ಣಲ್ಲಿ ನೀರು ತರಿಸಿದ್ದು ಇದೇನಾ? ಅಲ್ಲಿ ಇದ್ದದ್ದು ಇಲ್ಲಿ ಎಲ್ಲಿ ಹೋಯಿತು? ಬ್ಯಾಂಡ್ ದೊಡ್ಡದಾ, ಅಥವಾ ನಾನು ಮರುಳಾಗಿ ಬಂದೆನಾ? ತಿಳಿದವರು ಹೇಳಿ.

ಐದನೇ_ತಂತಿ:

ಎಂತ ಮಾರಾಯ್ರೇ, ಟೈಪ್‌ರೈಟರ್ ಅಂದುಬಿಟ್ಟಿರಲ್ಲ! ನಾನು ಏಳು ವರ್ಷದಿಂದ ಅದೇ ಟೈಪ್‌ರೈಟರ್ ಕುಟ್ಟುವವನು. ವರ್ಜೀನಿಯಾದಲ್ಲಿ ಇದ್ದೇನೆ. ನನ್ನ ಬ್ಯಾಂಜೊವನ್ನು ಹೆಂಡತಿ ಗ್ಯಾರೇಜಿಗೆ ದಾಟಿಸಿ ಆರು ವರ್ಷ ಆಯಿತು.

ನೀವು ಮರುಳಾದದ್ದಲ್ಲ. ನೀವು ಕಂಡ ಒಂಟಿ ಮೈಕ್ ಉಂಟಲ್ಲ, ಅರ್ಧ ಉತ್ತರ ಅಲ್ಲೇ ಉಂಟು. 1940ರ ದಶಕದಲ್ಲಿ ರೇಡಿಯೋ ಕಾರ್ಯಕ್ರಮಗಳಲ್ಲಿ ಒಂದೇ ಮೈಕಿನ ಸುತ್ತ ನಿಂತು ಹಾಡಬೇಕಿತ್ತು. ಯಾರ ಸರದಿಯೋ ಅವರು ಹತ್ತಿರ, ಉಳಿದವರು ದೂರ. ಆಮೇಲೆ ಆಳಿಗೊಂದು ಮೈಕ್ ಬಂತು, ಎಲ್ಲರೂ ನಿಂತಲ್ಲೇ ಕಂಬ ಆದರು. 1990ರ ದಶಕದಲ್ಲಿ ಡೆಲ್ ಮೆಕೌರಿ ಬ್ಯಾಂಡಿನಂಥವರು ಪುನಃ ಒಂಟಿ ಮೈಕಿಗೆ ಮರಳಿದರು. ಅದು ಬರೀ ನೋಡುವ ಚಂದಕ್ಕೆ ಅಲ್ಲ. ಅಲ್ಲಿ ಸದ್ದನ್ನು ಏರಿಸಿ ಇಳಿಸುವ ಗುಂಡಿ ಯಾವುದು? ಅವರವರ ಪಾದ. ಆರು ಇಂಚು ಮುಂದೆ ಬಂದರೆ ಜೋರು, ಆರು ಇಂಚು ಹಿಂದೆ ಹೋದರೆ ಮೆಲ್ಲ. ನೀವು 'ಕೇಳಲೇ ಇಲ್ಲ, ಬರೀ ನೋಡಿದೆ' ಅಂದಿರಿ. ನೋಡಿದ್ದೇ ಕೇಳಿದ್ದು.

ಈಗಿನ ಸ್ಟುಡಿಯೋ ರೆಕಾರ್ಡಿಂಗಿನಲ್ಲಿ ಎಷ್ಟೋ ಸಲ ಒಂದೊಂದು ವಾದ್ಯವನ್ನೂ ಬೇರೆ ಬೇರೆ ಹಿಡಿದು ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ಇಡುತ್ತಾರೆ. ಯಾರೂ ಹತ್ತಿರ ಬರುವುದಿಲ್ಲ, ಯಾರೂ ದೂರ ಹೋಗುವುದಿಲ್ಲ. ಹಾಗಾಗಿ ನಿಮಗೆ ಗೋಡೆಯ ಹಾಗೆ ಕೇಳಿಸಿತು.

ಇನ್ನು ಟೈಪ್‌ರೈಟರ್ ವಿಷಯ. ನೀವು ಪಿಟೀಲು ಕಲಿತವರು ಅಂದ ಕಾರಣ ಹೇಳುತ್ತೇನೆ. ಬ್ಯಾಂಜೊ ಬಾರಿಸುವುದು ಬಲಗೈಯ ಮೂರೇ ಬೆರಳಿನಿಂದ. ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳು ನಡುಬೆರಳಿಗೆ ಲೋಹದ್ದು. ನಾಲ್ಕು ಪೆಟ್ಟಿನ ಒಂದು ಆವರ್ತಕ್ಕೆ ಎಂಟು ಸ್ವರ ಬೇಕು, ಇರುವುದು ಮೂರು ಬೆರಳು. ಎಂಟನ್ನು ಮೂರಕ್ಕೆ ಹಂಚುವುದು ಹೇಗೆ? ತಕಿಟ ತಕಿಟ ತಕ. ಬಾಯಲ್ಲಿ ಹೇಳುತ್ತಾ ಇನ್ನೊಂದು ಕೈಯಲ್ಲಿ ಸಮನಾಗಿ ನಾಲ್ಕು ಪೆಟ್ಟು ಹಾಕಿ ನೋಡಿ. ಎರಡನೇ 'ತ' ಪೆಟ್ಟಿನ ಮೇಲೆ ಬೀಳುವುದಿಲ್ಲ, ಎರಡು ಪೆಟ್ಟಿನ ನಡುವಿನ ಸಂದಿಗೆ ಬೀಳುತ್ತದೆ. ಬ್ಯಾಂಜೊ ಮುಂದೆ ಮುಂದೆ ಉರುಳಿಕೊಂಡು ಹೋಗುತ್ತಿದೆ ಅಂತ ಅನಿಸುವುದು ಆ ಸಂದಿಯಿಂದಲೇ. ಅದಕ್ಕೆ ಇಲ್ಲಿ 'ರೋಲ್' ಅಂತಲೇ ಹೆಸರು. ನನ್ನ ಮೇಷ್ಟ್ರು ಮೂರು ತಿಂಗಳು ಒದ್ದಾಡಿ ಕಲಿಸಿದ್ದು ನನಗೆ ತಕಿಟ ಅಂದುಕೊಂಡ ದಿನ ಕೈಗೆ ಬಂತು.

ಅದರ ಮೇಲೆ ಐದನೇ ತಂತಿ, ನನ್ನ ಹೆಸರಿನದ್ದು. ಅದು ಉಳಿದ ನಾಲ್ಕರಷ್ಟು ಉದ್ದ ಇಲ್ಲ, ಐದನೇ ಮನೆಯ (ಫ್ರೆಟ್ಟಿನ) ಹತ್ತಿರ ಕತ್ತಿನ ಪಕ್ಕದಲ್ಲೇ ಅದಕ್ಕೊಂದು ಬಿರಡೆ. ನಮ್ಮ ತಂಬೂರಿಯ ಹಾಗೆ ಒಂದೇ ಸ್ವರ ಹಿಡಿದು ಕೂತಿರುತ್ತದೆ. ತಂಬೂರಿ ಕೆಳಗಿನಿಂದ ಆಧಾರ ಕೊಡುತ್ತದೆ, ಇದು ಮಾತ್ರ ಎಲ್ಲಕ್ಕಿಂತ ಮೇಲೆ ಕೂತು ಮಿಣಮಿಣ ಅನ್ನುತ್ತದೆ.

ಈ ಮೂರು ಬೆರಳಿನ ವಾದನವನ್ನು ಹದಕ್ಕೆ ತಂದ ಅರ್ಲ್ ಸ್ಕ್ರಗ್ಸ್ ನಿಮ್ಮ ಕಡೆಯವರೇ, ಕ್ಲೀವ್‌ಲ್ಯಾಂಡ್ ಕೌಂಟಿಯ ಫ್ಲಿಂಟ್ ಹಿಲ್‌ನಲ್ಲಿ 1924ರಲ್ಲಿ ಹುಟ್ಟಿದವರು. ಯುದ್ಧದ ಕಾಲದಲ್ಲಿ ಅವರೂ ನಿಮ್ಮ ಅಜ್ಜನ ಹಾಗೆ ಗಿರಣಿಯಲ್ಲಿ ದುಡಿದವರು. 1945ರ ಡಿಸೆಂಬರಿನಲ್ಲಿ ಬಿಲ್ ಮನ್ರೋ ಅವರ ಬ್ಯಾಂಡಿಗೆ ಸೇರಿದರು. ಮನ್ರೋ ಕೆಂಟಕಿಯವರು. ಆ ರಾಜ್ಯದ ಅಡ್ಡಹೆಸರನ್ನೇ ಬ್ಯಾಂಡಿಗೆ ಇಟ್ಟು 'ಬ್ಲೂ ಗ್ರಾಸ್ ಬಾಯ್ಸ್' ಅಂದದ್ದು, ಆಮೇಲೆ ಇಡೀ ಸಂಗೀತಕ್ಕೇ ಆ ಹೆಸರು ಅಂಟಿಕೊಂಡಿತು. ಶೆಲ್ಬಿಯ ಹಳೇ ಕೋರ್ಟ್ ಕಟ್ಟಡದಲ್ಲಿ 2014ರಿಂದ ಸ್ಕ್ರಗ್ಸ್ ಹೆಸರಿನ ವಸ್ತುಸಂಗ್ರಹಾಲಯ ಉಂಟು, ಮಗನನ್ನು ಕರಕೊಂಡು ಹೋಗಿ.

ತಂತಿ ಅಷ್ಟು ಬೇಗ ಹೇಗೆ ಹಾಕಿದ ಅಂತ ಆಶ್ಚರ್ಯ ಆಗಿರಬೇಕು. ಬ್ಯಾಂಜೊ ತಂತಿಯ ತುದಿಯಲ್ಲಿ ಉಂಗುರದ ಹಾಗೆ ಕುಣಿಕೆ ಇರುತ್ತದೆ, ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ನನಗೆ ಐದು ನಿಮಿಷ ಬೇಕು, ಬಯ್ಗಳ ಸೇರಿದರೆ ಆರು.

ಬಿಟ್ಟ_ಪಿಟೀಲು:

ತಕಿಟ ತಕಿಟ ತಕ! ಅಡುಗೆಮನೆ ಕಟ್ಟೆ ಮೇಲೆ ಈಗಷ್ಟೇ ಬಡಿದು ನೋಡಿದೆ. ಹೌದಲ್ಲ! ಆ ಪಟ್ಟಿಯನ್ನು ಮತ್ತೆ ಹಾಕಿದೆ, ಟೈಪ್‌ರೈಟರ್ ಈಗ ಟೈಪ್‌ರೈಟರ್ ಅಲ್ಲ. ನಿಮ್ಮ ಏಳು ವರ್ಷದ ತಪಸ್ಸಿಗೆ ಅವಮಾನ ಮಾಡಿದ್ದಕ್ಕೆ ಕ್ಷಮೆ ಇರಲಿ ಸರ್.

ಆದರೂ ಒಂದು ಅನುಮಾನ. ಡ್ರಮ್ ಇಲ್ಲದೆ ತಾಳ ಅಷ್ಟು ಗಟ್ಟಿ ಹೇಗೆ ನಿಲ್ಲುತ್ತೆ? ಜಿಮ್‌ನಲ್ಲಿ ನನ್ನ ಪಾದ ನನ್ನ ಮಾತು ಕೇಳುತ್ತಿರಲಿಲ್ಲ.

ದೊಡ್ಡ_ಬಾಸ್:

ಅಕ್ಕಾರ, ಕಡೀಕೂ ಒಬ್ಬರಾದ್ರೂ ಕೇಳಿದ್ರಲ್ಲ! ಎಲ್ಲಾರೂ ಬ್ಯಾಂಜೊ ಬ್ಯಾಂಜೊ ಅಂತಾರ, ಹಿಂದ ನಿಂತು ದೊಡ್ಡ ಬಾಸ್ ತಬ್ಬಿಕೊಂಡಾಂವನ್ನ ಯಾರೂ ಮಾತಾಡಸಂಗಿಲ್ಲ. ನಾ ಟೆನ್ನೆಸ್ಸೀದಾಗ ಇರತೇನಿ, ವಾರಕ್ಕೊಮ್ಮೆ ಇದನ್ನ ಕಾರಿನ್ಯಾಗ ತುರುಕಿ ಒಯ್ಯೂದ ನನ್ನ ವ್ಯಾಯಾಮ.

ಲೆಕ್ಕ ಭಾಳ ಸರಳ ಐತಿ. ನಾಕ ಎಣಸ್ರಿ. ಒಂದು, ಮೂರು ನಂದು. ಎರಡು, ನಾಕು ಮ್ಯಾಂಡೊಲಿನ್ನಂದು. ಅಂವಾ ತಂತಿ ಹೊಡದ ಕೂಡ್ಲೆ ಎಡಗೈ ಬೆರಳು ಸಡಲ ಬಿಡತಾನ, ಸ್ವರ ಅಲ್ಲೇ ಸಾಯ್ತೈತಿ, 'ಚಕ್' ಅಂತ ಅಷ್ಟ ಉಳೀತೈತಿ. ಅದಕ್ಕ ಚಾಪ್ ಅಂತಾರ. ನಂದು 'ದುಂ', ಅವನದು 'ಚಕ್'. ದುಂ ಚಕ್ ದುಂ ಚಕ್. ಅದ ಡ್ರಮ್. ಮ್ಯಾಂಡೊಲಿನ್ನಾಂವ ತನ್ನ ಸುತ್ತು ಬಾರಸಾಕ ಮುಂದ ಹೋದ್ನಂದ್ರ ಚಕ್ ಯಾರ ಹೊಡೀಬೇಕು? ಪಿಟೀಲು ಇಲ್ಲಾ ಬ್ಯಾಂಜೊ ತಟ್ನ ಎತ್ತಿಕೋತೈತಿ. ಮುಂದಿನ ಸಲ ಮುಂದ ಬಂದಾಂವನ್ನ ನೋಡಬ್ಯಾಡ್ರಿ, ಹಿಂದ ಸರದಾಂವ ಏನ್ ಮಾಡಾಕತ್ತಾನ ನೋಡ್ರಿ.

ಆದ್ರ ರೆಕಾರ್ಡಿನ್ಯಾಗ ಏನೂ ಇಲ್ಲ ಅನ್ನೂದು ನಾ ಒಪ್ಪಂಗಿಲ್ಲ. ನಿಮ್ಮ ಪಟ್ಟೀನ ತಪ್ಪೈತಿ. ಎಲ್ಲಾ ವೇಗದ ಹಾಡ ಒಂದ ಕಡೆ ಗುಡ್ಡಿ ಹಾಕಿಟ್ರ ಮೆಣಸಿನಕಾಯಿನ ಊಟ ಮಾಡಿದಂಗ. 1962ರ ಡಿಸೆಂಬರ್ 8ಕ್ಕ ಹಾಡುಗಾರ ಲೆಸ್ಟರ್ ಫ್ಲ್ಯಾಟ್, ಅರ್ಲ್ ಸ್ಕ್ರಗ್ಸ್ ನ್ಯೂಯಾರ್ಕಿನ ಕಾರ್ನೆಗಿ ಹಾಲಿನ್ಯಾಗ ಬಾರಿಸಿದ್ದು ರೆಕಾರ್ಡ್ ಆಗೈತಿ. ಅದನ್ನ ಹೆಡ್‌ಫೋನ್ ಹಾಕ್ಕೊಂಡು, ದೀಪಾ ಆರಿಸಿ ಕೇಳ್ರಿ. ಜನಾ ಕೂಗೂದು, ನಡುವ ಫ್ಲ್ಯಾಟ್ ಮಾತಾಡೂದು, ಎಲ್ಲಾ ಐತಿ. ಊರ ಗಿರಣಿ ಹುಡುಗೂರು ಪ್ಯಾಟಿ ಸಂಗೀತಗಾರರ ಗುಡಿಯೊಳಗ ಹೊಕ್ಕ ರಾತ್ರಿ ಅದು.

ಮತ್ತ ಮಾತು ಕೇಳ್ರಿ, ಬರೇ ರಾಗ ಅಲ್ಲ. ಅವ್ವ ಸತ್ತಾಳ, ಮನಿ ಪಾಳು ಬಿದ್ದೈತಿ, ಮೆಚ್ಚಿದ ಹುಡುಗೀನ್ನ ನದಿಗೆ ದೂಡ್ಯಾನ, ನಾಳೆ ಗಲ್ಲು. ಬ್ಯಾಂಜೊ ನೋಡಿದ್ರ ಮದುವಿ ಮನಿ ಹಂಗ ಕುಣೀತಿರತೈತಿ. ಮೊದಲ ಸಲ ಮಾತು ತಿಳದಾಗ ನಾ ಕಾರ್ ಬದಿಗೆ ನಿಲ್ಲಿಸಿದ್ದೆ.

ಹೆಡ್‌ಫೋನ್_ಪ್ರಿಯ:

ಎಲ್ಲರೂ ತುಂಬಾ ಭಾವುಕರಾಗಿದ್ದೀರಿ, ಸ್ವಲ್ಪ ನೀರು ಚಿಮುಕಿಸ್ತೀನಿ. ಎದುರಿಗೆ ಕೂತರೆ ಯಾವ ಸಂಗೀತ ಚೆನ್ನಾಗಿರಲ್ಲ ಹೇಳಿ? ನೂರೈವತ್ತು ಜನ ಒಟ್ಟಿಗೆ ಚಪ್ಪಾಳೆ ಹೊಡೆದರೆ ಮದುವೆ ಬ್ಯಾಂಡ್‌ಸೆಟ್ಟಿಗೂ ಮೈ ಜುಮ್ ಅನ್ನುತ್ತೆ. ಜೊತೆಗೆ, ಇದು ಬೆಟ್ಟದ ಬಿಳಿಯರು ತಮ್ಮಲ್ಲೇ ಹಾಡಿಕೊಳ್ಳೋ ಸಂಗೀತ ಅಂತ ನನ್ನ ಅನಿಸಿಕೆ. ನಮಗೇಕೆ ಇಷ್ಟು ಒದ್ದಾಟ?

ಐದನೇ_ತಂತಿ:

ಚಪ್ಪಾಳೆಯ ಮಾತು ಅರ್ಧ ಒಪ್ಪಿದೆ. 'ಬಿಳಿಯರ' ಅನ್ನುವುದು ಮಾತ್ರ ಇಲ್ಲ.

ಬ್ಯಾಂಜೊ ಬಂದದ್ದು ಆಫ್ರಿಕಾದ ಜನರ ಜೊತೆ. ಸೋರೆಬುರುಡೆಗೆ ಚರ್ಮ ಬಿಗಿದು ಕೋಲು ಸಿಕ್ಕಿಸಿದ ವಾದ್ಯಗಳು ಪಶ್ಚಿಮ ಆಫ್ರಿಕಾದಲ್ಲಿ ಈಗಲೂ ಉಂಟು, ಸಣ್ಣ ಹೆಬ್ಬೆರಳ ತಂತಿ ಸಮೇತ. ಗುಲಾಮರಾಗಿ ಹಿಡಿದು ತಂದವರು ಕೆರಿಬಿಯನ್ ದ್ವೀಪಗಳಲ್ಲಿ, ಆಮೇಲೆ ಇಲ್ಲಿ ನೆನಪಿನಿಂದ ಅದನ್ನು ಕಟ್ಟಿಕೊಂಡರು. ಪಿಟೀಲು ಯುರೋಪಿನದ್ದು, ಮ್ಯಾಂಡೊಲಿನ್ ಇಟಲಿಯದ್ದು. ಬಿಲ್ ಮನ್ರೋ ತನ್ನ ಗುರುಗಳ ಹೆಸರು ಹೇಳುವಾಗ ಇಬ್ಬರನ್ನು ಬಿಡುತ್ತಿರಲಿಲ್ಲ. ಒಬ್ಬರು ಸೋದರಮಾವ, ಪಿಟೀಲಿನ ಪೆನ್ ವ್ಯಾಂಡಿವರ್. ಇನ್ನೊಬ್ಬರು ಆರ್ನಲ್ಡ್ ಶುಲ್ಟ್ಸ್, ಕಪ್ಪು ಜನಾಂಗದ ಗಿಟಾರ್ ಮತ್ತು ಪಿಟೀಲು ವಾದಕ. ಹುಡುಗ ಮನ್ರೋ ಅವರ ಜೊತೆ ಕುಣಿತದ ಕೂಟಗಳಲ್ಲಿ ನುಡಿಸಿದ್ದ. ಶುಲ್ಟ್ಸ್ ಒಂದು ರೆಕಾರ್ಡಿಂಗ್ ಕೂಡ ಬಿಟ್ಟುಹೋಗಲಿಲ್ಲ, ಅದು ಹೊಟ್ಟೆ ಉರಿಯುವ ವಿಷಯ. ನಾರ್ತ್ ಕ್ಯಾರೊಲಿನಾದವರೇ ಆದ ಗಾಯಕಿ, ಬ್ಯಾಂಜೊ ವಾದಕಿ ರಿಯಾನನ್ ಗಿಡನ್ಸ್ 2017ರಲ್ಲಿ ರಾಲಿಯಲ್ಲಿ ನಡೆದ ಬ್ಲೂಗ್ರಾಸ್ ಸಮ್ಮೇಳನದ ಮುಖ್ಯ ಭಾಷಣದಲ್ಲಿ ಇದನ್ನೇ ಎತ್ತಿ ಹೇಳಿದರು.

ಹಾಗಾಗಿ ನಮಗೇಕೆ ಅಂತ ಕೇಳಬೇಡಿ ಮಾರಾಯ್ರೇ. ಇಲ್ಲಿ ಎಲ್ಲರೂ ಹೊರಗಿನಿಂದ ತಂದದ್ದೇ.

ದೊಡ್ಡ_ಬಾಸ್:

ಅಕ್ಕಾರ, ಇನ್ನೊಂದ ಮಾತು. ವೇದಿಕಿ ಮ್ಯಾಲಿಂದು ಅರ್ಧಾ ಅಷ್ಟ. 1965ರಾಗ ವರ್ಜೀನಿಯಾದ ಫಿನ್‌ಕಾಸಲ್ ಹತ್ರ ಒಂದ ಕುದರಿ ಫಾರ್ಮಿನ್ಯಾಗ ಮೂರು ದಿನದ ಬ್ಲೂಗ್ರಾಸ್ ಉತ್ಸವ ಆತು. ಅಲ್ಲಿಂದ ಹಚ್ಚಿ ಇಂಥಾ ಉತ್ಸವ ಊರೂರಿಗೆ ಹಬ್ಬಿದವು. ಅಲ್ಲಿ ಖರೇ ಮಜಾ ಕಾರ್ ನಿಲ್ಲಸೂ ಜಾಗದಾಗ ಇರತೈತಿ. ಡಿಕ್ಕಿ ತಗದು, ವಾದ್ಯ ಹೊರಗ ಇಟ್ಟು, ಗುರತಾ ಇಲ್ಲದ ಐದ ಮಂದಿ ದುಂಡಗ ನಿಂತರಂದ್ರ ಬೆಳಗಾಗೂತನಕ. ನಿಮ್ಮ ಕಡೆ ವಿಲ್ಕ್ಸ್‌ಬರೋದಾಗ ಏಪ್ರಿಲ್ ಕಡೀಗೆ ಮರ್ಲ್‌ಫೆಸ್ಟ್ ಆಗತೈತಿ. ಕಣ್ಣು ಕಾಣದ ಗಿಟಾರ್ ಮಾಂತ್ರಿಕ ಡಾಕ್ ವಾಟ್ಸನ್ ತೀರಿಕೊಂಡ ಮಗನ ನೆನಪಿಗೆ 1988ರಾಗ ನಿಂತು ಶುರು ಮಾಡಿದ್ದು. ಅಲ್ಲೀ ಮಟಾ ಯಾಕ ಕಾಯ್ತೀರಿ, ನಿಮ್ಮೂರಾಗ ವಾರದ ಜಾಮ್ (ಎಲ್ಲಾರೂ ಕೂಡಿ ಬಾರಸೂ ಕೂಟ) ಇದ್ದ ಇರತೈತಿ, ಅಜ್ಜನ್ನ ಕೇಳ್ರಿ.

ಹೋದ್ರ ಕಣ್ಣು ತಗದ ಕೂಡ್ರಿ. ಹಾಡ ಎತ್ತಿದಾಂವ ನಿಮ್ಮ ಕಡೆ ನೋಡತಾನ. ಮುಂದಿನ ಸುತ್ತು ನಿಮಗ ಬೇಕಂದ್ರ ತಲಿ ಹಾಕ್ರಿ. ಬ್ಯಾಡಂದ್ರ ಸುಮ್ನ ಪಕ್ಕದಾಂವನ್ನ ನೋಡ್ರಿ, ಯಾರೂ ತಪ್ಪ ತಿಳ್ಯಂಗಿಲ್ಲ. ಅಷ್ಟ ನೇಮ.

ಬಿಟ್ಟ_ಪಿಟೀಲು:

ಮೂರು ವಾರ ಆದಮೇಲೆ ಬರೀತಿದೀನಿ. ವರದಿ ಒಪ್ಪಿಸೋ ಋಣ ಇದೆ.

ಮೊದಲು ಕಾರ್ನೆಗಿ ಹಾಲ್. ದೀಪ ಆರಿಸಿ ಕೇಳಿದೆ. ಆ ಜಿಮ್ ಅಲ್ಲ, ಆದರೆ ಗೋಡೆಯೂ ಅಲ್ಲ. ಬ್ಯಾಂಜೊ ಮುಗಿದು ಪಿಟೀಲು ಎದ್ದಾಗ ನನ್ನ ತಲೆಯಲ್ಲಿ ಒಬ್ಬ ಕಮಾನು ಮೇಲೆತ್ತಿಕೊಂಡು ಒಳಗೆ ಬರ್ತಾನೆ. ಮಗ ಇನ್ನೊಂದು ದಾರಿ ಹಿಡಿದಿದ್ದಾನೆ. ಅವನಿಗೆ ಬಿಲ್ಲಿ ಸ್ಟ್ರಿಂಗ್ಸ್ ಬೇಕಂತೆ, ದೊಡ್ಡ ದೊಡ್ಡ ಅರೀನಾ ತುಂಬಿಸೋ ಹುಡುಗ. ಇರಲಿ. ಕೋಳಿ ಓಡಿಸೋ ಮ್ಯೂಸಿಕ್ ಅನ್ನೋ ಮಾತು ಮನೆಯಲ್ಲಿ ನಿಂತಿದೆ.

ಆಮೇಲೆ ಅಜ್ಜನ್ನ ಕೇಳಿದೆ. ಒಂದು ನಿಮಿಷ ನನ್ನ ಮುಖ ನೋಡಿ, ಒಳಗೆ ಹೋಗಿ ಗಿಟಾರ್ ಪೆಟ್ಟಿಗೆ ಹಿಡಿದುಕೊಂಡು ಬಂದರು. ಹನ್ನೊಂದು ವರ್ಷ ಪಕ್ಕದ ಮನೆ, ಅವರ ಹತ್ತಿರ ಗಿಟಾರ್ ಇರೋದು ನನಗೆ ಗೊತ್ತಿರಲಿಲ್ಲ. ಪ್ರತಿ ಮಂಗಳವಾರ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರ್ತಾರಂತೆ. ನನ್ನ ಪಿಟೀಲನ್ನು ಅಟ್ಟದಿಂದ ಇಳಿಸಿದೆ. ನಮ್ಮದು ಸ ಪ ಸ ಪ ಶ್ರುತಿ, ಇವರದ್ದು ಜಿ ಡಿ ಎ ಇ, ಮ್ಯಾಂಡೊಲಿನ್‌ಗೂ ಅದೇ. ಹೊಸ ತಂತಿ ಹಾಕಿಸಿದೆ, ಬಿರಡೆ ಎರಡು ದಿನ ಜಾರುತ್ತಲೇ ಇತ್ತು, ಸೀಮೆಸುಣ್ಣ ಹಚ್ಚಿದ ಮೇಲೆ ಕಚ್ಚಿಕೊಂಡಿತು. ಬೆರಳು ಇಡೋ ಜಾಗ ಎಲ್ಲಾ ಅದಲುಬದಲು. ನೆಲದ ಮೇಲೆ ಕೂತು ಪಾದಕ್ಕೆ ಊರಿ ಕಲಿತವಳಿಗೆ ಕುರ್ಚಿಯಲ್ಲಿ ಅದನ್ನು ಎಲ್ಲಿ ಇಡಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಅಲ್ಲೊಬ್ಬ ಮುದುಕರು ಎದೆಗೆ ಆನಿಸಿಕೊಂಡು ನುಡಿಸ್ತಿದ್ದರು, ಅವರನ್ನೇ ನೋಡಿ ಮಾಡಿದೆ.

ನುಡಿಸೋ ಉದ್ದೇಶ ಇರಲಿಲ್ಲ. ದುಂಡಗೆ ಹತ್ತು ಜನ, ನಾನು ಬಾಗಿಲ ಪಕ್ಕ (ನನ್ನ ಜಾಗ). ಬಾಸ್ ಸರ್ ಹೇಳಿದ ಹಾಗೆ ಹಿಂದೆ ಸರಿದವರನ್ನು ನೋಡ್ತಾ, ಮೆಲ್ಲಗೆ ಚಕ್ ಚಕ್ ಅಂತ ಕಮಾನಿನ ಬುಡದಲ್ಲಿ ತಾಳ ಹಿಡಿದು ಕೂತಿದ್ದೆ. ಆಮೇಲೊಂದು ಹಾಡು ಎತ್ತಿದರು ನೋಡಿ, ನನಗೆ ತಟ್ಟನೆ ಸ ರಿ ಗ ಪ ದ ಕಾಣಿಸಿತು. ಮೋಹನ! ಈ ಕಾಡಿನಲ್ಲಿ ಮೋಹನ! ಪಿಟೀಲಿನ ಮುದುಕರು ಗಾಂಧಾರಕ್ಕೆ ಕೆಳಗಿನಿಂದ ಹೇಗೆ ಜಾರಿ ಬಂದರು ಅಂದರೆ, ನಾನು ಕಣ್ಣು ಅರೆಮುಚ್ಚಿ ತಲೆದೂಗಿಬಿಟ್ಟೆ. ಚಿಕ್ಕಂದಿನಿಂದ ಬಂದ ಚಾಳಿ. ಕಛೇರಿಯಲ್ಲಿ ಕೂತವರು ತಲೆದೂಗದೆ ಇನ್ನೇನು ದೂಗ್ತಾರೆ?

ಕಣ್ಣು ಬಿಟ್ಟರೆ ಹಾಡು ಎತ್ತಿದ ಹೆಂಗಸು ನನ್ನನ್ನೇ ನೋಡಿ ನಗ್ತಿದ್ದಾರೆ. ಎಲ್ಲರೂ ಸದ್ದು ತಗ್ಗಿಸಿದ್ದಾರೆ. ಉಳಿದಿರೋದು ದುಂ ಚಕ್ ದುಂ ಚಕ್ ಮಾತ್ರ, ಮಧ್ಯೆ ದೊಡ್ಡದೊಂದು ಖಾಲಿ ಜಾಗ. ತಲೆ ಹಾಕಿದರೆ ಮುಂದಿನ ಸುತ್ತು ನಿಮ್ಮದು ಅಂತ ನೀವು ಬರೆದದ್ದು ಆಗ ನೆನಪಾಯ್ತು. ಬರೀ ಒಂದು ಸಲ ಹಾಕಿದ್ದಲ್ಲ ನಾನು, ಎಂಟು ಹತ್ತು ಸಲ ಹಾಕಿದ್ದೆ! ಪಾಪ ಅವರು, ಈ ಹೆಂಗಸಿಗೆ ಎಷ್ಟು ಆಸೆ ಅಂದುಕೊಂಡಿರಬೇಕು.

ನುಡಿಸಿದೆ. ಹಾಡಿನ ಮಟ್ಟು ಬರೀ ಬಿಡಿ ಸ್ವರಗಳಲ್ಲಿ, ಒಂದು ಕಮಾನಿಗೆ ಒಂದು. ಮೂರನೇ ಸಾಲಿನಲ್ಲಿ ಕೈ ತನ್ನಷ್ಟಕ್ಕೆ ತಾನೇ ಧೈವತಕ್ಕೆ ಒಂದು ಗಮಕ ಕೊಟ್ಟಿತು, ಮೂವತ್ತು ವರ್ಷದ ಹಳೇದು, ತುಕ್ಕು ಹಿಡಿದದ್ದು. ಪಿಟೀಲಿನ ಮುದುಕರು 'ಹೂಂ' ಅಂತ ಜೋರಾಗಿ ಅಂದರು. ಬೈದದ್ದೋ ಹೊಗಳಿದ್ದೋ ಗೊತ್ತಾಗಲಿಲ್ಲ, ಆದರೆ ಕೊನೆಯ ಸುತ್ತಿನಲ್ಲಿ ಅವರೂ ಅದೇ ಜಾಗದಲ್ಲಿ ಅಂಥದ್ದೇ ಒಂದನ್ನು ಪ್ರಯತ್ನ ಮಾಡಿದರು.

ಕೊನೆಗೆ ಆದ ಅವಮಾನವನ್ನೂ ಹೇಳಿಬಿಡ್ತೀನಿ. ಹಾಡು ಚೆನ್ನಾಗಿ ಓಡ್ತಾ ಇದೆ, ಹಾಡೋ ಹೆಂಗಸು ಇದ್ದಕ್ಕಿದ್ದ ಹಾಗೆ ಒಂದು ಕಾಲನ್ನು ಮುಂದಕ್ಕೆ ಎತ್ತಿದರು. ಕಾಲು ಜೋಮು ಹಿಡಿದಿರಬೇಕು ಅಂದುಕೊಂಡೆ. ಆ ಸಾಲು ಮುಗಿದದ್ದೇ ಹತ್ತೂ ಜನ ಕತ್ತರಿಸಿದ ಹಾಗೆ ನಿಂತರು. ನನ್ನ ಪಿಟೀಲು ಒಂದೇ ಇನ್ನೂ ಮೂರು ಸ್ವರ ಮುಂದೆ ಹೋಗಿ, ಮೌನದಲ್ಲಿ, ನಿಂತಿತು.

ದೊಡ್ಡ_ಬಾಸ್:

ಅಯ್ಯ ಶಿವನ! ಕಾಲ ಎತ್ತಿದ್ರ ಇದ ಕಡೀ ಸುತ್ತು ಅಂತ ಅರ್ಥ ರೀ ಅಕ್ಕಾರ. ಹೇಳೂದ ಮರತಿದ್ದೆ. ತಪ್ಪಾತು.